ಭಾವನವರ ಕೈಗೆ ಬಂದ ಪೆನ್ನು ಸೂಜಿ

ನಮ್ಮ ಭಾವನವರಿಗೆ ಮನುಷ್ಯರು ಅಷ್ಟಾಗಿ ಅರ್ಥವಾಗುವುದಿಲ್ಲ. ನಾನು ದೂರುತ್ತಿಲ್ಲ, ಅವರೇ ಹೇಳಿಕೊಳ್ಳುವ ಮಾತು. ಸುಗಟೂರಿನ ಸುತ್ತಮುತ್ತ ಮೂವತ್ತು ವರ್ಷ ದನಗಳಿಗೆ ಸೂಜಿ ಹಾಕಿದವರು. ನೆಂಟರು ಬಂದರೂ ಮೊದಲು ಪಕ್ಕೆ ನೋಡಿ, ಆಮೇಲೆ ಮುಖ ನೋಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ "ಹುಡುಗಿ ಮೇವು ಸರಿಯಾಗಿ ತಿಂತಿಲ್ಲ" ಅಂತ ಅತ್ತೆಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಇಂಥವರ ಕೈಗೆ ಮಗಳ ಸೂಜಿ ಯಾಕೆ ಕೊಟ್ಟೆ ಅಂತೀರಾ? ಬೇರೆ ದಾರಿ ಇರಲಿಲ್ಲ. ಒಂಬತ್ತು ವರ್ಷವಾದರೂ ಅವಳು ಐದು ವರ್ಷದವಳ ಹಾಗಿದ್ದಳು. ಬೆಳವಣಿಗೆಯ ಹಾರ್ಮೋನು ಕಮ್ಮಿ ಇದೆ, ದಿನಾ ಸಂಜೆ ಒಂದು ಸೂಜಿ ಹಾಕಬೇಕು ಅಂದರು ಕೋಲಾರದ ಡಾಕ್ಟರು. ಬಿಟ್ಟು ಬಿಟ್ಟು ಹಾಕಿದರೆ ಎತ್ತರ ಸಿಗಲ್ಲ, ವಯಸ್ಸು ದಾಟಿದ ಮೇಲೆ ಏನೂ ಮಾಡೋಕಾಗಲ್ಲ ಅಂತಲೂ ಅಂದರು. ಮೊದಲು ಕೊಟ್ಟಿದ್ದು ಸೀಸೆ, ಸಿರಿಂಜು. ಸೂಜಿ ಕಂಡರೆ ಮಗಳು ಮಂಚದ ಕೆಳಗೆ, ನನಗೆ ತಲೆಸುತ್ತು. ನಮ್ಮ ಯಜಮಾನರು ಟೊಮೇಟೊ ಮಂಡಿಯಿಂದ ಬರುವ ಹೊತ್ತಿಗೆ ಅವಳಿಗೆ ನಿದ್ದೆ. ಹೀಗೆ ವಾರಕ್ಕೆ ಮೂರು ದಿನ ತಪ್ಪುತ್ತಿತ್ತು.

ಭಾವನವರು ಧೈರ್ಯ ಹೇಳಲು ಬಂದರು. ಚೀಲದಿಂದ ದನದ ಸೂಜಿ ತೆಗೆದು, "ನೋಡು ತಲ್ಲಿ, ನನ್ನ ತಾಯಿ, ಇದರ ಮುಂದೆ ನಿನ್ನ ಸೂಜಿ ಬರೀ ಇರುವೆ" ಅಂದರು. ಮಗಳು ಎರಡು ದಿನ ಅವರಿದ್ದ ಕಡೆ ತಲೆ ಹಾಕಲಿಲ್ಲ.

ಡಾಕ್ಟರು ಸಿರಿಂಜು ಬಿಡಿಸಿ ಪೆನ್ನು ಕೊಟ್ಟರು. ಔಷಧಿ ಒಳಗೇ ಇರುತ್ತೆ, ಸೂಜಿಗೆ ಮರೆ ಇರುತ್ತೆ, ಅಳತೆ ತಿರುಗಿಸಿ ಒತ್ತಿದರಾಯ್ತು. ಭಾವನವರು ತಿರುವಿ ತಿರುವಿ ನೋಡಿ, "ಇದೇನಮ್ಮ, ಲಿಪ್‌ಸ್ಟಿಕ್ಕಾ?" ಅಂದರು. ಸೂಜಿಯೇ ಕಾಣದ ಮೇಲೆ ಅದೆಂಥ ವೈದ್ಯ ಅನ್ನೋದು ಅವರ ವಾದ. ಮಗಳೇನೋ ಮಂಚದ ಕೆಳಗಿಂದ ಹೊರಗೆ ಬಂದಳು. ಆದರೆ ಒತ್ತಿದಾಗ ಪೆನ್ನು 'ಟಕ್' ಅನ್ನುತ್ತಿತ್ತು. ಆ ಸದ್ದಿಗೆ ಹೆದರಿ ಕಾಲು ಎಳೆದುಕೊಂಡರೆ ಔಷಧಿ ಅರ್ಧ ನೆಲಕ್ಕೆ.

"ಇಲ್ಲಿ ಕೊಡಮ್ಮ ಅದನ್ನ," ಅಂದರು ಭಾವನವರು. ನರ್ಸಮ್ಮನ ಹತ್ತಿರ ಕಲಿತೂ ಬಂದರು. ಹಸುವಿಗಾದರೆ ತೊಡೆಗೆ ಮುಷ್ಟಿಯಲ್ಲಿ ಎರಡು ಗುದ್ದಿ, ಮೂರನೆಯದಕ್ಕೆ ಸೂಜಿ ಇಳಿಸುತ್ತಾರೆ. ಹಸುವಿಗೆ ಗೊತ್ತೇ ಆಗಲ್ಲವಂತೆ. ಇಲ್ಲೂ ಅದೇ ಪದ್ಧತಿ! ಎರಡು ಬೆರಳಲ್ಲಿ ಟಪ್, ಟಪ್, "ಹೋ ಹೋ, ನಿಂತ್ಕೋ ಬಂಗಾರಿ." ಪೆನ್ನು ಟಕ್ ಅನ್ನುವ ಗಳಿಗೆಗೆ ಸರಿಯಾಗಿ "ಅಂಬಾ" ಅಂತ ಕೂಗಿಬಿಟ್ಟರು. ಹಿತ್ತಲಿನ ಹಸು ಓಗೊಟ್ಟಿತು. ಮಗಳು ಬಿದ್ದು ಬಿದ್ದು ನಕ್ಕಳು.

"ದೊಡ್ಡಪ್ಪ, ನಾನೇನು ಹಸುನಾ?"

"ಹಸು ಆಗಿದ್ರೆ ಇಷ್ಟು ಕಾಟ ಕೊಡ್ತಿರಲಿಲ್ಲ ಕಣೇ."

ಎರಡು ವರ್ಷ ದಿನಾ ಸಂಜೆ ನಮ್ಮ ಮನೆಯಲ್ಲಿ ಇದೇ ಅಂಬಾ. ಒಂದು ದಿನವೂ ತಪ್ಪಲಿಲ್ಲ. ಮಗಳ ಲಂಗಗಳೆಲ್ಲ ಗಿಡ್ಡವಾದವು.

ಮೊನ್ನೆ ಭಾವನವರು ದೇವರಾಯಸಮುದ್ರಕ್ಕೆ ಮದುವೆಗೆ ಹೋದವರು ಬಸ್ಸು ಸಿಗದೆ ಅಲ್ಲೇ ಉಳಿದರು. "ನೀನೇ ಹಾಕಮ್ಮ," ಅಂತ ನನಗೆ ಫೋನು ಮಾಡಿದರು. ನಾನು ಬೆವರುತ್ತಾ ಪೆನ್ನು ಹಿಡಿದೆ. ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಳತೆ ತಿರುಗಿಸಿ, ತಾನೇ ಒತ್ತಿಕೊಂಡಳು. ಆಮೇಲೆ ನನ್ನ ಫೋನು ಕಿತ್ತುಕೊಂಡು, ಸ್ಪೀಕರಿಗೆ ಹಾಕಿ, ದೊಡ್ಡಪ್ಪನಿಗೆ ಸುದ್ದಿ ಹೇಳಿದಳು.

"ನೋವಾಯ್ತಾ ತಲ್ಲಿ?"

"ಇಲ್ಲ ದೊಡ್ಡಪ್ಪ. ನೀವು ಹಾಕಿದಾಗ ಸ್ವಲ್ಪ ಆಗ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ದಿನಾ ನಿಮ್ಮ ಕೈ ನಡುಗ್ತಿತ್ತಲ್ಲ, ಅದಕ್ಕೆ."

ನನಗಿದು ಗೊತ್ತೇ ಇರಲಿಲ್ಲ. ಪ್ರತಿ ಸಲ ನಾನು ಮುಖ ಆ ಕಡೆ ತಿರುಗಿಸಿಕೊಂಡಿರುತ್ತಿದ್ದೆ. ಫೋನಿನಲ್ಲಿ ಭಾವನವರು ಅಳುವುದು ಕೇಳಿಸಿತು.