ಕೋಟಿನ ಜೇಬಿನ ಸ್ಕಾಟ್ಲೆಂಡ್

ಮಲಕಿ ತನ್ನ ಚಳಿಗಾಲದ ಕೋಟನ್ನು ಸೋಪಿನ ನೀರಲ್ಲಿ ಅದ್ದಿ ಎರಡನೆಯ ಸಲ ಹಿಂಡುತ್ತಿದ್ದಾಗ ಒಳಜೇಬಿನಲ್ಲಿ ಏನೋ ಮೆತ್ತಗೆ ಕೈಗೆ ತಗುಲಿತು. ಜೂನ್ ತಿಂಗಳಲ್ಲಿ ಬಿಸಿಲು ಕಂಡ ಮೊದಲ ದಿನ ಹಿತ್ತಲಲ್ಲಿ ತಗಡಿನ ತೊಟ್ಟಿ ಇಟ್ಟುಕೊಂಡು ಆ ಕೋಟು ಒಗೆಯುವುದು ಅವನದೇ ಕೆಲಸ. ಹೆಂಡತಿ ಡಿಂಪ್ನಾ ಅದನ್ನು ಮುಟ್ಟುತ್ತಿರಲಿಲ್ಲ. ಕುರಿ, ಹೊಗೆ, ಮಳೆ ಮೂರೂ ಸೇರಿ ಒಂದು ಪ್ರಾಣಿಯಾದರೆ ಹೀಗೇ ನಾರುತ್ತದೆ ಎನ್ನುತ್ತಿದ್ದಳು.

ಜೇಬಿನಿಂದ ಹೊರಬಂದದ್ದು ಒಂದು ಕಂದು ಲಕೋಟೆ. ಮೂಲೆಯಲ್ಲಿ ಕಿಲ್‌ಡ್ರಾವನ್ ಸಭಾಭವನದ ಮುದ್ರೆ. ವಿಳಾಸದ ಶಾಯಿಯೆಲ್ಲ ಕರಗಿ ಹರಿದುಹೋಗಿ, ಕೊನೆಯಲ್ಲಿ ದಪ್ಪಗೆ ಬರೆದಿದ್ದ ‘ಸ್ಕಾಟ್ಲೆಂಡ್’ ಒಂದೇ ಉಳಿದಿತ್ತು.

ಮಲಕಿ ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟ.

ಅವನು ಊರಿನ ಸಂಗೀತ ಸಮಿತಿಯ ಕಾರ್ಯದರ್ಶಿ. ಬೇಸಿಗೆಯಲ್ಲಿ ನಡೆಯುವ ಐದು ಕಛೇರಿಗಳ ಪಟ್ಟಿ ಈಸ್ಟರಿನಿಂದ ಸಭಾಭವನದ ಬಾಗಿಲಲ್ಲಿ ನೇತಾಡುತ್ತಿತ್ತು. ಮೊದಲನೆಯದು ಇವತ್ತೇ, ಶನಿವಾರ ನಾಲ್ಕು ಗಂಟೆಗೆ: ಸ್ಕಾಟ್ಲೆಂಡಿನ ದ್ವೀಪದಿಂದ ಟಾರ್ಕಿಲ್, ಅವನ ಬ್ಯಾಗ್‌ಪೈಪು. ಅವನಿಗೆ ಕರೆ ಕಳಿಸುವ ಕಾಗದವನ್ನು ಮಲಕಿ ಜನವರಿಯಲ್ಲೇ ಬರೆದಿದ್ದ. ಟಾರ್ಕಿಲ್ ಹುಟ್ಟಿದಾಗಿನಿಂದ ಯಾರಿಗೂ ಉತ್ತರ ಬರೆದವನಲ್ಲ. ಕಾಗದ ಹೋಗಬೇಕು, ಆ ದಿನಕ್ಕೆ ಅವನು ಬಂದು ನಿಲ್ಲಬೇಕು, ಅಷ್ಟೇ. ಹಾಗಾಗಿ ಉತ್ತರವಿಲ್ಲವೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಡೆದು ನೋಡುವುದೇನು ಬಂತು? ತಾನೇ ಬರೆದದ್ದು, ತಾನೇ ಅಂಟಿಸಿದ್ದು, ತಾನೇ ಮರೆತದ್ದು. ಇನ್ನೊಂದು ಮರೆವು ಕಂಡರೆ ಕಾರ್ಯದರ್ಶಿ ಕೆಲಸ ಮಾಂಸದಂಗಡಿಯ ಲಾರ್ಕನ್‌ಗೆ ಎಂದು ಸಮಿತಿ ಹೋದ ವರ್ಷವೇ ಎಚ್ಚರಿಸಿತ್ತು. ಕೆಲಸ ಹೋದರೆ ಹೋಗಲಿ. ಆದರೆ ಪ್ರತಿ ಕಛೇರಿಯ ಮೊದಲ ರಾಗ ನುಡಿಸುವುದು ಕಾರ್ಯದರ್ಶಿಯ ಹಕ್ಕು. ಡಿಂಪ್ನಾಳ ತಾಯಿ ಬಿಟ್ಟುಹೋದ ಕನ್ಸರ್ಟಿನಾ, ಎರಡು ಅಂಗೈ ನಡುವೆ ಹಿಡಿಸುವ ಆ ಪುಟ್ಟ ತಿದಿ ವಾದ್ಯ, ಅದನ್ನು ನುಡಿಸುವ ಆ ನಾಲ್ಕು ನಿಮಿಷ ಮಾತ್ರ ಊರಿನವರು ಮಲಕಿಯ ಮಾತಿಗೆ ಅಡ್ಡ ಬಾಯಿ ಹಾಕುತ್ತಿರಲಿಲ್ಲ.

ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬಂತು. ಟಪಾಲಿನವನು ನಿಲ್ಲದೆ ಹೋದನೆಂದು ಅರ್ಥ. ಈ ಐದು ತಿಂಗಳಿಂದ ಡಿಂಪ್ನಾ ಹಾಡು ಗುನುಗುವುದನ್ನೇ ಬಿಟ್ಟಿದ್ದಳು. ಟಪಾಲಿನವನು ಮನೆ ದಾಟಿದರೆ ಸಾಕು, ಒಳಗೆ ಪಾತ್ರೆ ಕುಕ್ಕುತ್ತಿದ್ದಳು. ಸಂಧಿವಾತ ಇರಬೇಕು ಎಂದುಕೊಂಡಿದ್ದ ಮಲಕಿ.

ಅವನು ಲಕೋಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅಂಚೆ ಕಚೇರಿಗೆ ಓಡಿದ. ಊರಿಗೊಂದೇ ಟೆಲಿಫೋನು ಅಲ್ಲಿತ್ತು. ಅದಕ್ಕೆ ಮೂರು ಕಿವಿ: ಮಾತಾಡುವವನದು ಒಂದು, ಅಂಚೆಯ ಬೆಡೀಲಿಯಾಳದು ಎರಡು.

“ಏನ್ ಮಲಕಿ, ಮುಖ ಹಿಂಡಿದ ಬಟ್ಟೆ ಥರಾ ಆಗಿದೆ? ಟಾರ್ಕಿಲ್ ಎಷ್ಟೊತ್ತಿನ ಬಸ್ಸಿಗೆ ಬರ್ತಾನೆ?”

“ಅವನು... ಅವನಿಗೆ ಹುಷಾರಿಲ್ವಂತೆ.”

“ಯಾರು ಹೇಳಿದ್ದು? ಕಾಗದ ಬಂದಿಲ್ಲ, ತಂತಿ ಬಂದಿಲ್ಲ. ಬಂದಿದ್ರೆ ನಾನು ಓದದೇ ಬಿಡ್ತಿದ್ನಾ?”

“ಬಸ್ಸಲ್ಲಿ ಯಾರೋ ಒಬ್ಬ...”

ಮಲಕಿಯ ಎದೆ ಡವಡವ ಎನ್ನುತ್ತಿತ್ತು. ತಿಳಿಯದೆ ಅದರ ಮೇಲೆ ಕೈಯಿಟ್ಟುಕೊಂಡ.

“ಅಯ್ಯೋ, ಎದೆಯಾ!” ಎಂದು ಬೆಡೀಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

ಅವನು ಮಾಂಸದಂಗಡಿ ತಲುಪುವಷ್ಟರಲ್ಲಿ ಲಾರ್ಕನ್ ಟೋಪಿ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದ.

“ನಿನ್ನೆ ಸಂಜೇನಂತೆ, ಪಾಪ?”

“ಏನು ನಿನ್ನೆ ಸಂಜೆ? ಬರೀ ಹುಷಾರಿಲ್ಲ ಕಣೋ, ಅಷ್ಟೇ!”

“ನಂಗೆ ಅರ್ಥವಾಗುತ್ತೆ ಮಾರಾಯ. ನಮ್ಮಪ್ಪ ಹೋದಾಗ ನಾನೂ ಮೂರು ದಿನ ಹೀಗೇ ಅಂತಿದ್ದೆ.”

ಮಲಕಿ ಸೇತುವೆ ದಾಟುವಷ್ಟರಲ್ಲಿ, ಊರಿನವರ ಬಾಯಲ್ಲಿ ಟಾರ್ಕಿಲ್ ಪೈಪು ಅಪ್ಪಿಕೊಂಡು ಪ್ರಾಣ ಬಿಟ್ಟಿದ್ದ. ಚರ್ಚಿನ ಗೇಟಿನ ಬಳಿ ಅವನ ಕೊನೆಯ ಮಾತು ‘ಕಿಲ್‌ಡ್ರಾವನ್’ ಎಂದಾಗಿತ್ತು. ಮನೆಗೆ ಬಂದು ನೋಡಿದರೆ ಡಿಂಪ್ನಾ ಜೊತೆ ನಾಲ್ವರು ಹೆಂಗಸರು ಕೂತು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದರು. ಆ ಊರಲ್ಲಿ ಸಾವೆಂದರೆ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಚಹಾ, ಜಪ. ಹೆಣವಿಲ್ಲ, ಹೆಣದ ಮನೆಯಿಲ್ಲ. ಹಾಗಾಗಿ ಸಾವಿನ ಮನೆಯೇ ಸಭಾಭವನಕ್ಕೆ ಬಂತು. ಕಛೇರಿಗಳ ಪಟ್ಟಿಯಲ್ಲಿ ಮೊದಲ ಹೆಸರಿಗೆ ಯಾರೋ ಕಪ್ಪು ಅಂಚು ಎಳೆದರು.

ಮಲಕಿ ಪಾದ್ರಿ ಕಿಲಿಯನ್ನರ ಹತ್ತಿರ ಓಡಿದ. “ಫಾದರ್, ನಾನೊಂದು ತಪ್ಪು ಮಾಡಿದೀನಿ...”

“ಹೋದವರ ಬಗ್ಗೆ ಎಲ್ಲರಿಗೂ ಹಾಗೇ ಅನ್ಸತ್ತೆ ಮಗನೇ,” ಎಂದು ಅವರು ಬೆನ್ನು ತಟ್ಟಿದರು. “ಸುದ್ದಿ ತಂದವನು ನೀನು. ನೀನೇ ನಾಲ್ಕು ಮಾತಾಡು.”

ನಾಲ್ಕು ಗಂಟೆಗೆ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಗೀತಕ್ಕೆಂದೂ ಬಾರದ ಪಕ್ಕದ ಎರಡು ಊರಿನವರು ಸಾವನ್ನು ಬಿಡಲಾಗದೆ ಬಂದಿದ್ದರು. ಮಲಕಿ ವೇದಿಕೆ ಹತ್ತಿ ಮೊದಲು ಕನ್ಸರ್ಟಿನಾ ನುಡಿಸಿದ, ಆಮೇಲೆ ಮಾತಾಡಿದ. ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಅವನಿಗೇ ಅಳು ಬಂತು. ಎಲ್ಲರೂ ಎದ್ದು ತಲೆ ತಗ್ಗಿಸಿ ಮೌನವಾಗಿ ನಿಂತರು.

ಆಗ ಹಿಂದಿನ ಬಾಗಿಲು ತೆರೆಯಿತು.

ದಾರಿಯಲ್ಲಿ ಬಸ್ಸಿನ ಟೈರು ಒಡೆದು ತಡವಾಗಿ ಬಂದ ಟಾರ್ಕಿಲ್ ಹೊಸ್ತಿಲಲ್ಲಿ ನಿಂತು ನೋಡಿದ: ತಗ್ಗಿದ ತಲೆಗಳು, ಮೇಣದ ಬತ್ತಿ, ಸ್ಯಾಂಡ್‌ವಿಚ್ಚಿನ ತಟ್ಟೆಗಳು. ಸಾವಿನ ಮನೆಗೆ ಕಾಲಿಟ್ಟ ವಾದ್ಯದವನು ಮೊದಲು ನುಡಿಸಬೇಕು, ಆಮೇಲೆ ಯಾರೆಂದು ಕೇಳಬೇಕು. ಅವರ ಕಡೆಯೂ ಇವರ ಕಡೆಯೂ ಅದೇ ರೂಢಿ. ಅವನು ಟೋಪಿ ತೆಗೆದ, ಪೈಪಿನ ಗಾಳಿಚೀಲವನ್ನು ಕಂಕುಳಿಗೆ ಏರಿಸಿದ, ಶೋಕದ ರಾಗವೊಂದನ್ನು ಊದಿದ.

ಮುನ್ನೂರು ತಲೆ ಒಟ್ಟಿಗೆ ತಿರುಗಿದವು. ಬೆಡೀಲಿಯಾ ಕಿರುಚಿ ಮೇಜಿನ ಕೆಳಗೆ ಸೇರಿದಳು. ಲಾರ್ಕನ್ ಬಾಯಲ್ಲಿದ್ದ ಸ್ಯಾಂಡ್‌ವಿಚ್ಚು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು. ಪಾದ್ರಿಗಳು ಒಂದು ಪ್ರಾರ್ಥನೆ ಶುರುಮಾಡಿ ಇನ್ನೊಂದರಲ್ಲಿ ಮುಗಿಸಿದರು. ಟಾರ್ಕಿಲ್ ಮಾತ್ರ ರಾಗವನ್ನು ಪೂರ್ತಿ ಊದಿ, ಕಣ್ಣೊರೆಸಿಕೊಂಡು, ಪಕ್ಕದ ಮುದುಕಿಯನ್ನು ಮೆಲ್ಲಗೆ ಕೇಳಿದ:

“ಯಾರಮ್ಮ ಹೋಗಿದ್ದು? ನಂಗೆ ಗೊತ್ತಿರೋರಾ?”

“ನೀನೇ ಕಣಪ್ಪ,” ಎಂದಳು ಮುದುಕಿ.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಮಲಕಿ. “ನೀನು... ಹೇಗೆ ಬಂದೆ?”

“ಹೇಗೆ ಅಂದ್ರೆ? ಕರೆದೆ, ಬಂದೆ. ಇಗೋ ನಿನ್ನ ಕಾಗದ, ಫೆಬ್ರವರಿಯಲ್ಲೇ ಕೈ ಸೇರ್ತು.” ಟಾರ್ಕಿಲ್ ಅಂಗಿಯೊಳಗಿಂದ ಮಡಿಸಿದ ಹಾಳೆ ತೆಗೆದು ತೋರಿಸಿದ. ಮಲಕಿಯದೇ ಅಕ್ಷರ.

ಕಛೇರಿ ಹಿಂದೆಂದೂ ಆಗದಷ್ಟು ಚೆನ್ನಾಗಿ ಆಯಿತು. ಸತ್ತು ಬಂದವನ ಪೈಪಿಗೆ ಕೈ ತಟ್ಟದವರಿಲ್ಲ. ಬದುಕಿದ್ದವನನ್ನು ಕೊಂದ ತಪ್ಪಿಗೆ ಮುನ್ನೂರು ಚಹಾ ಬಟ್ಟಲು ತೊಳೆಯುವ ಶಿಕ್ಷೆ ಮಲಕಿಗೆ ಬಿತ್ತು. ಡಿಂಪ್ನಾ ಪಕ್ಕದಲ್ಲಿ ನಿಂತು ಒಂದೊಂದನ್ನೇ ಒರೆಸಿಡುತ್ತಿದ್ದಳು.

“ನೋಡು, ನಿನ್ನ ಕಾಗದ ಆ ಮೂಲೆ ದ್ವೀಪಕ್ಕೂ ಹೋಯ್ತು,” ಎಂದಳು ಇದ್ದಕ್ಕಿದ್ದಂತೆ. “ಅದರ ಜೊತೆ ಟಪಾಲಿಗೆ ಹಾಕು ಅಂತ ನಾನು ಕೊಟ್ಟಿದ್ದಕ್ಕೆ ಮಾತ್ರ ಉತ್ತರ ಇಲ್ಲ.”

“ಯಾವುದು?”

“ಗ್ಲಾಸ್ಗೋದಲ್ಲಿರೋ ಅಸಂಪ್ಟಾಗೆ ಬರೆದದ್ದು. ಮನೇಲಿ ಲಕೋಟೆ ಮುಗಿದಿತ್ತು, ನಿಮ್ಮ ಸಭಾಭವನದ್ದೇ ಒಂದು ತಗೊಂಡೆ. ಆರು ವರ್ಷ ಅಕ್ಕತಂಗಿ ಮಾತಿಲ್ಲ. ನಾನೇ ಸೋತು ಬರೆದೆ. ಅಮ್ಮನ ಕನ್ಸರ್ಟಿನಾ ನೀನೇ ತಗೊಂಡು ಹೋಗು, ಬೇಸಿಗೆ ಪೂರ್ತಿ ಬಂದು ಇರು ಅಂತ.” ಅವಳು ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದಳು. “ಅವಳ ಪಾಲಿಗೆ ನಾನು ನಿಜವಾಗ್ಲೂ ಸತ್ತೆ ಅಂತ ಕಾಣುತ್ತೆ.”

ಮಲಕಿಯ ಕೈಯಿಂದ ಬಟ್ಟಲು ಜಾರಿ ನೀರೊಳಗೆ ಮುಳುಗಿತು.

ಜೇಬಿನಲ್ಲಿ ಸ್ಕಾಟ್ಲೆಂಡ್ ತಣ್ಣಗೆ ತೊಡೆಗೆ ಅಂಟಿಕೊಂಡಿತ್ತು. ಒಂದು ಮಾರು ದೂರದಲ್ಲಿ ಚಹಾದ ಒಲೆ ಇನ್ನೂ ಉರಿಯುತ್ತಿತ್ತು. ಒಲೆಗೆ ಹಾಕಿದರೆ ಕನ್ಸರ್ಟಿನಾ ಉಳಿಯುತ್ತದೆ. ತನ್ನನ್ನು ತೂತು ಬಿದ್ದ ಬಕೆಟ್ಟು ಎಂದು ಕರೆಯುವ ನಾದಿನಿ ಬೇಸಿಗೆ ಪೂರ್ತಿ ಎದುರಿಗೆ ಕೂರುವುದೂ ತಪ್ಪುತ್ತದೆ. ಕಾಗದದ ಮೇಲಿನ ಜನವರಿಯ ತಾರೀಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಂಪ್ನಾ ಮೂಗು ಒರೆಸಿಕೊಂಡಳು.

“ಈಗ ಬಂದೆ,” ಎಂದು ಮಲಕಿ ಒದ್ದೆ ಕೈಯಲ್ಲೇ ಹೊರಗೆ ಓಡಿದ.

ಅಂಚೆ ಕಚೇರಿಯ ಹೊಸ್ತಿಲಲ್ಲಿ ಬೆಡೀಲಿಯಾ ಇನ್ನೂ ಎದೆ ನೀವಿಕೊಳ್ಳುತ್ತ ಕೂತಿದ್ದಳು. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಮಲಕಿಯ ಮುಖ ನೋಡಿದಳು. ಊರಿನವರ ನೆಂಟರ ವಿಳಾಸವೆಲ್ಲ ಅವಳಿಗೆ ಬಾಯಿಪಾಠ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೇಳದೆಯೇ ಅಸಂಪ್ಟಾಳ ಹೆಸರು, ಬೀದಿ, ಗ್ಲಾಸ್ಗೋ ಬರೆದುಕೊಟ್ಟಳು.

“ಒಳಗೇನಿದೆ ಅಂತ ಕೇಳಲ್ಲ ಮಲಕಿ,” ಎಂದಳು. “ಸೋಮವಾರ ಡಬ್ಬಿ ತೆಗೆದಾಗ ಹೇಗೂ ಗೊತ್ತಾಗುತ್ತೆ.”

ಅಂಟು ಬಿಟ್ಟಿದ್ದ ಸ್ಟಾಂಪನ್ನು ಅವನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಕಣ್ಣು ಮುಚ್ಚಿ ಹಸಿರು ಟಪಾಲು ಡಬ್ಬಿಯ ಬಾಯಿಗೆ ಕಾಗದ ಹಾಕಿದ. ಅದು ತೊಪ್ಪೆಂದು ಬಿತ್ತು, ಇನ್ನೂ ಒದ್ದೆಯಿತ್ತು.