ನನಗೆ ಬಂದ ಹಾಲುತೊಂಡೆ

ಅಕ್ಕೂರಿನಲ್ಲಿ ಯಾರ ಮನೆಯ ರೇಷ್ಮೆ ಹುಳ ಸೊರಗಿದರೂ ಮೊದಲು ಕರೆಯುವುದು ನನ್ನನ್ನು. ಹುಳವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ರೋಗ ಹೇಳಿಬಿಡುತ್ತೇನೆ. ಅಂಥವನ ಕೆಳತುಟಿಯ ಒಳಗೇ ಬಟಾಣಿಯಷ್ಟು ಗುಳ್ಳೆ ಎದ್ದಾಗ ಇನ್ನೊಬ್ಬರನ್ನು ಕೇಳುವ ದರ್ದೇನಿದೆ?

ಕನ್ನಡಿ, ಮೊಬೈಲ್ ಟಾರ್ಚು ಹಿಡಿದು ತಪಾಸಣೆಗೆ ಕೂತೆ. ನೋವಿಲ್ಲ. ಮುಟ್ಟಿದರೆ ಮೆತ್ತಗೆ, ಒಂಚೂರು ನೀಲಿ, ಮಿರಮಿರ ಹೊಳಪು. ಏನು ಸೋಜಿಗ! ಮೈ ಊದಿ ಚರ್ಮ ಹೊಳೆದರೆ ಹುಳಗಳಲ್ಲಿ ಅದು ಹಾಲುತೊಂಡೆ ರೋಗ. ಒಡೆದರೆ ಹಾಲಿನಂಥ ನೀರು ಸೋರುತ್ತದೆ, ಒಂದಕ್ಕೆ ಬಂದರೆ ಮನೆತುಂಬ ಹರಡುತ್ತದೆ. ಹೆಂಡತಿ ಸಾಕಮ್ಮನನ್ನು ಕರೆದು ಗಂಭೀರವಾಗಿ ನಿವೇದಿಸಿಕೊಂಡೆ: "ನಂಗೆ ಹಾಲುತೊಂಡೆ ಬಂದಂಗೈತೆ ಕಣೆ."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೋಗಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು. ಹುಳ ಇನ್ನೇನು ಗೂಡು ಕಟ್ಟುವ ಹೊತ್ತು, ಈಗ ರೋಗ ತಗುಲಿದರೆ ಬೆಳೆಯೆಲ್ಲ ತಿಪ್ಪೆಗೆ. ಊರೇ ನಂಬುವ ನನ್ನ ಮಾತನ್ನು ಅವಳೂ ನಂಬಿದ್ದಳು. ನನ್ನ ತಟ್ಟೆ, ಲೋಟ, ಚಾಪೆ ಜಗಲಿಗೆ ಬಂದವು.

ಅಲ್ಲಿ ಹುರಿಗಾಳು ಅಗಿಯುವಾಗ ಗುಳ್ಳೆ ಹಲ್ಲಿಗೆ ಸಿಕ್ಕಿ ಒಡೆಯಿತು. ಹಾಲಿಲ್ಲ, ತಿಳಿಯಾದ ಲೋಳೆ. ಗುಣವಾಯಿತೆಂದು ಬೀದಿಗೆಲ್ಲ ಸಾರಿದೆ. ಸಾರಿ ಮುಗಿಸುವಷ್ಟರಲ್ಲಿ ಗುಳ್ಳೆ ಮೊದಲಿಗಿಂತ ದಪ್ಪಗಾಗಿ ಹಾಜರ್!

ಆಗ ನಿಜಕ್ಕೂ ಹೆದರಿದೆ. ಎಲೆಅಡಿಕೆ ಬಾಯಿ ನನ್ನದು. ಕ್ಯಾನ್ಸರ್ ಆಗಿದ್ದರೆ? ಅನ್ನ ಸೇರದಾಯಿತು. ನನ್ನ ಮುಖ ನೋಡಿದ ಸಾಕಮ್ಮ ಹುಳಕ್ಕೆ ಹಾಕುವ ಸೊಪ್ಪಿನ ಕುಕ್ಕೆಯನ್ನು ತನ್ನ ತಂಗಿಯ ಕೈಗೆ ಕೊಟ್ಟು ಬಂದಳು. "ಹುಳ ಹೋದ್ರೆ ಇನ್ನೊಂದ್ ಬೆಳೆ ಬತ್ತದೆ. ನಡೀರಿ" ಅಂದಳು. ನಾನು ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟೆ.

ಚನ್ನಪಟ್ಟಣದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒತ್ತಿ ನೋಡಿ, ತುಟಿ ಕಚ್ಚಿಕೊಳ್ಳುವ ಅಭ್ಯಾಸ ಇದೆಯೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

"ಈಗ್ಲೂ ಕಚ್ಕಂಡೇ ಅವ್ರೆ ನೋಡಿ ಮೇಡಂ" ಅಂದಳು ಸಾಕಮ್ಮ.

ಕಚ್ಚಿ ಕಚ್ಚಿ ಜೊಲ್ಲಿನ ಪುಟ್ಟ ಗ್ರಂಥಿಯ ನಾಳ ಹರಿದಿದೆ, ಜೊಲ್ಲು ಅಲ್ಲೇ ಮಡುಗಟ್ಟಿದೆ, ಅಪಾಯವೇನೂ ಕಾಣುವುದಿಲ್ಲ ಎಂದರು ಡಾಕ್ಟರು. ಬರೀ ಒಡೆದರೆ ಮತ್ತೆ ಬರುತ್ತದಂತೆ. ತುಟಿ ಮರಗಟ್ಟಿಸಿ, ಗ್ರಂಥಿ ಸಮೇತ ತೆಗೆದು ಪರೀಕ್ಷೆಗೂ ಕಳಿಸಿದರು. ಅದರಲ್ಲೂ ಏನೂ ಇರಲಿಲ್ಲ. ಹುಳಕ್ಕೆ ಹತ್ತುತ್ತದೆಯೇ ಎಂದು ಸಾಕಮ್ಮ ಕೇಳಿದಾಗ ಮಾತ್ರ ಡಾಕ್ಟರು ನಗು ತಡೆಯಲು ಮಾಸ್ಕ್ ಮೇಲೆ ಕೈ ಇಟ್ಟುಕೊಂಡರು.

ನಾನು ಹುಳದ ಮನೆಯೊಳಗೆ ಕಾಲಿಡದ ಆ ಬೆಳೆ ಹಿಂದೆಂದೂ ಬಾರದಷ್ಟು ಚೆನ್ನಾಗಿ ಬಂತು. ಗೂಡು ಬಿಡಿಸುತ್ತಾ ಸಾಕಮ್ಮ ಹೇಳಿದಳು:

"ಮುಂದಿನ ಬೆಳೆಗೂ ಒಸಿ ತುಟಿ ಕಚ್ಕಳಿ."