ಜಪಾನಿ ಟೀ, ನನ್ನ ಹಣೆಬರಹ

ನಾನು ಬಿಸಿ ಟೀ ಕುಡಿಯಲು ಕೂತೆನೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಮಗಳು ಹುಟ್ಟಿದ ಮೇಲೆ ಕುಡಿದ ಟೀಯೆಲ್ಲ ಆರಿದ್ದು, ಅದೂ ನಿಂತುಕೊಂಡು, ಅದೂ ನಾನೇ ಮಾಡಿದ್ದು. ಹಾಗಾಗಿ, ಜಪಾನಿನವರ ಟೀ ಸಮಾರಂಭದಲ್ಲಿ ಯಾರೂ ಮಾತಾಡುವುದಿಲ್ಲ, ಫೋನ್ ಮುಟ್ಟುವುದಿಲ್ಲ, ಟೀಯನ್ನು ಕೂತಲ್ಲಿಗೇ ತಂದು ತಲೆಬಾಗಿ ಕೊಡುತ್ತಾರೆ ಎಂದು ಗಂಡ ಹೇಳಿದಾಗ, ಇಷ್ಟು ದಿನ ಈ ವಿಷಯ ಯಾಕೆ ಮುಚ್ಚಿಟ್ಟಿದ್ದರು ಎಂದು ಸಿಟ್ಟೇ ಬಂತು.

೧. ಅವಸರವಿಲ್ಲದ ಆಂಟಿ

ಮೊದಲು ಹೋಗಿದ್ದು, ಇಲ್ಲಿ ಅಮೆರಿಕದಲ್ಲಿ ನಮ್ಮ ಮನೆಗೆ ಹತ್ತಿರದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ ಟೀ ಕಲಿಸುವ ಜಪಾನಿ ಆಂಟಿಯೊಬ್ಬರ ಮನೆಗೆ. ಮೂರು ವರ್ಷದ ಮಗಳೂ ಜೊತೆಗಿದ್ದಳು. ಆಂಟಿ ತೊಳೆದಿಟ್ಟ ಬಟ್ಟಲನ್ನೇ ನಮ್ಮೆದುರು ಮತ್ತೆ ತೊಳೆದರು, ಒರೆಸಿದ ಚಮಚವನ್ನೇ ಮತ್ತೆ ಒರೆಸಿದರು. ಬೇಗ ಆಗಲಿ ಎನ್ನುವ ಅತ್ತೆ ಅವರಿಗಿಲ್ಲ ಎಂದು ಗೊತ್ತಾಯಿತು. ಮಗಳು ಸಿಹಿತಿಂಡಿಯನ್ನು ಅಗಿದು ನನ್ನ ಅಂಗೈಗೆ ಉಗಿದಳು. ಅದನ್ನೂ ಮುಚ್ಚಿಟ್ಟುಕೊಂಡು ಕಾದೆ. ಕೊನೆಗೂ ಹಸಿರು ಟೀ ನೊರೆ ತುಂಬಿ ಬಂತು. ಹೇಳಿಕೊಟ್ಟಂತೆ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಿದ್ದೆ.

"ಅಮ್ಮಾ, ಪಾಟಿ," ಎಂದಳು ಮಗಳು.

ಬಾತ್‌ರೂಮಿನಿಂದ ಬರುವಷ್ಟರಲ್ಲಿ ಆಂಟಿ ಬಟ್ಟಲು ತೊಳೆದು ಮುಗಿಸಿದ್ದರು. ನಮ್ಮ ಮನೆಯಲ್ಲಾದರೆ ಆರಿದ ಟೀಯಾದರೂ ಉಳಿದಿರುತ್ತದೆ.

೨. ನೆಲದ ಮೇಲೆ ಬೆಳೆದವರು

ಎರಡನೇ ಸಲ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗಂಡನ ಜೊತೆ ಲಾಸ್ ಏಂಜಲೀಸಿನ ಇನ್ನೊಂದು ಟೀ ಸಮಾರಂಭಕ್ಕೆ ಹೋದೆ. ಅಲ್ಲಿ ಮಂಡಿ ನೋವಿರುವವರಿಗೆ ಪುಟ್ಟ ಸ್ಟೂಲ್ ಕೊಡುತ್ತಿದ್ದರು. ಇವರು ಬೇಡವೆಂದರು. ನಾವು ಇಂಡಿಯಾದವರು, ನೆಲದ ಮೇಲೆ ಕೂತೇ ಬೆಳೆದವರು ಎಂದು ಭಾಷಣ ಬೇರೆ. ಇವರು ಬೆಳೆದದ್ದು ಚಕ್ಕಳಮಕ್ಕಳ ಹಾಕಿ. ಅಲ್ಲಿ ಕೂರುವುದು ಮಂಡಿ ಮಡಚಿ, ಹಿಮ್ಮಡಿಯ ಮೇಲೆ.

ಸ್ವಲ್ಪ ಹೊತ್ತಿಗೆ, "ನನ್ನ ಕಾಲು ಇದೆಯಾ ನೋಡೇ," ಎಂದು ಪಿಸುಗುಟ್ಟಿದರು.

ನಾನು ನೋಡಲಿಲ್ಲ. ಬಟ್ಟಲು ಆಗಷ್ಟೇ ನನ್ನ ತುಟಿಯ ಹತ್ತಿರ ಬಂದಿತ್ತು. ಇವರು ಜೋಮು ಹಿಡಿದ ಕಾಲಿನಲ್ಲಿ ಏಳಲು ಹೋಗಿ, ಕಡಿದ ಬಾಳೆಗಿಡದ ಹಾಗೆ ನನ್ನ ಮೇಲೊರಗಿದರು. ಟೀ ಬಿಸಿಯಾಗಿಯೇ ಇತ್ತು. ತೊಡೆಗೆ ಗೊತ್ತಾಯಿತು.

೩. ಮೊದಲ ಅತಿಥಿ

ಅಷ್ಟರಲ್ಲಿ ಮೈಸೂರಿನಿಂದ ಅತ್ತೆ ಬಂದರು. ಗಂಡನನ್ನೂ ಮಗಳನ್ನೂ ಮನೆಯಲ್ಲೇ ಬಿಟ್ಟು, ಅತ್ತೆಯೊಂದಿಗೆ ಮತ್ತೆ ಆ ಆಂಟಿಯ ಮನೆಗೆ ಹೋದೆ. ಅವತ್ತು ಗಟ್ಟಿ ಟೀ. ಎಲ್ಲರಿಗೂ ಒಂದೇ ಬಟ್ಟಲು. ಒಬ್ಬರು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ದಾಟಿಸಬೇಕು. ಹಿರಿಯರೆಂದು ಆಂಟಿ ಅತ್ತೆಯನ್ನು ಮೊದಲ ಅತಿಥಿಯಾಗಿ ಕೂರಿಸಿದರು. ಅವರು ಮಾಡಿದಂತೆಯೇ ಮಾಡಿ ಎಂದು ಉಳಿದ ಅತಿಥಿಗಳಾದ ಅಮೆರಿಕನ್ನರಿಗೆ ಹೇಳಿದರು. ಕೊನೆಯ ಸರದಿ ನನ್ನದು.

ಅತ್ತೆ ಹುಟ್ಟಿದಾಗಿನಿಂದ ಲೋಟಕ್ಕೆ ತುಟಿ ತಾಗಿಸಿದವರಲ್ಲ.

"ಎಂಜಲು ಕಣೇ," ಎಂದರು.

"ಅತ್ತೆ, ಇದೊಂದ್ಸಲ ಕಚ್ಚಿ ಕುಡೀರಿ," ಎಂದು ಬೇಡಿಕೊಂಡೆ.

ಅವರು ಬಟ್ಟಲನ್ನು ಹಣೆಗಿಂತ ಮೇಲೆತ್ತಿ, ಗಂಜಿಯಂಥ ಟೀಯನ್ನು ಒಂದು ಹನಿ ಚೆಲ್ಲದೆ ನೇರ ಗಂಟಲಿಗೆ ಬಿಟ್ಟುಕೊಂಡರು. ಪಕ್ಕದಲ್ಲಿದ್ದ ಬಿಳಿ ಶರ್ಟಿನ ಅಂಕಲ್ ಭಕ್ತಿಯಿಂದ ಹಾಗೇ ಎತ್ತಿದರು. ಟೀ ಗಡ್ಡದ ಮೇಲಿಂದ ಶರ್ಟಿಗೆ ಇಳಿಯಿತು. ಅವರ ಹೆಂಡತಿಯ ಪಾಲಿನದು ಮೂಗಿಗೆ, ಆಚೆಯವರದು ಕನ್ನಡಕಕ್ಕೆ. ನನ್ನ ಕೈಗೆ ಬಂದಾಗ ಬಟ್ಟಲು ಬಿಸಿಯಿತ್ತು, ಖಾಲಿಯೂ ಇತ್ತು. ಆಂಟಿ ಏನೂ ಆಗದವರಂತೆ ನನಗೂ ತಲೆಬಾಗಿದರು.

ಕಾರಿನಲ್ಲಿ ಅತ್ತೆಗೆ ಬಹಳ ಸಂತೋಷ.

"ಎಂಥ ಆಚಾರವಂತರು ಕಣೇ. ಒಬ್ಬರೂ ಎಂಜಲು ಮಾಡಲಿಲ್ಲ ನೋಡು. ಟೀ ಮಾತ್ರ ಬರೀ ಕಹಿ, ಪಾಪ, ಮಾಡಕ್ಕೆ ಬರಲ್ಲ. ಒಂದಿನ ಎಲ್ಲರನ್ನೂ ಮನೆಗೆ ಕರಿ, ನೀನೇ ಮಾಡಿಕೊಡುವಿಯಂತೆ."